ಆಂಡ್ರಿಯಾ ಮೊಹೊರೊವಿಚಿಚ್

ಆಂಡ್ರಿಯಾ ಮೊಹೊರೊವಿಚಿಚ್ (ಜನವರಿ 23, 1857 – ಡಿಸೆಂಬರ್ 18, 1936) ಕ್ರೊಯೇಷಿಯಾದ ಭೂಭೌತವಿಜ್ಞಾನಿ, ಪವನವಿಜ್ಞಾನಿ ಹಾಗೂ ಪ್ರಾಧ್ಯಾಪಕರು. ಭೂಮಿಯ ಹೊರಪದರವಾದ ತೊಗಟೆ ಮತ್ತು ಅದರ ಕೆಳಗಿನ ಮ್ಯಾಂಟಲ್ ನಡುವಣ ಗಡಿಯನ್ನು ಮೊದಲಿಗೆ ಗುರುತಿಸಿದವರು ಇವರು. ಆ ಗಡಿಗೆ ಇವರದೇ ಹೆಸರಿದೆ. ಸಂಕ್ಷೇಪವಾಗಿ ಅದನ್ನು 'ಮೊಹೊ' ಎಂದು ಕರೆಯಲಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಏಡ್ರಿಯಾಟಿಕ್ ಕರಾವಳಿಯ ವೊಲೊಸ್ಕೊ ಎಂಬ ಊರಿನಲ್ಲಿ ಇವರು ಜನಿಸಿದರು. ಆಗ ಆ ಪ್ರದೇಶ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಹಡಗುಗಳಿಗೆ ಲಂಗರು ತಯಾರಿಸುವ ಕಮ್ಮಾರರು. ಬಾಲ್ಯದಲ್ಲೇ ಹಲವು ಭಾಷೆಗಳನ್ನು ಕಲಿತ ಮೊಹೊರೊವಿಚಿಚ್ ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತವಿಜ್ಞಾನವನ್ನು ಅಭ್ಯಾಸ ಮಾಡಿದರು. ಅರ್ನ್ಸ್ಟ್ ಮಾಕ್ ಅಲ್ಲಿ ಇವರ ಗುರುಗಳಲ್ಲೊಬ್ಬರು.

ವೃತ್ತಿಜೀವನ

1882ರಲ್ಲಿ ಬಾಕರ್ ಊರಿನ ನೌಕಾಶಾಲೆಯಲ್ಲಿ ಅಧ್ಯಾಪಕರಾದ ಇವರು 1887ರಲ್ಲಿ ಅಲ್ಲಿ ಹವಾಮಾನ ಕೇಂದ್ರವೊಂದನ್ನು ಸ್ಥಾಪಿಸಿದರು. ಮೋಡಗಳ ಚಲನೆಯನ್ನು ಕುರಿತ ಅಲ್ಲಿನ ವೀಕ್ಷಣೆಗಳೇ ಇವರ ಡಾಕ್ಟರೇಟ್ ಪ್ರಬಂಧಕ್ಕೆ ಆಧಾರವಾದವು. 1892ರಲ್ಲಿ ಜಾಗ್ರೆಬ್‌ನ ಗ್ರಿಚ್ ಹವಾಮಾನ ವೀಕ್ಷಣಾಲಯದ ಮುಖ್ಯಸ್ಥರಾದರು. ಜಾಗ್ರೆಬ್ ವಿಶ್ವವಿದ್ಯಾಲಯದಲ್ಲಿ ಭೂಭೌತವಿಜ್ಞಾನ ಮತ್ತು ಖಗೋಳವಿಜ್ಞಾನವನ್ನು ಬೋಧಿಸಿದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವರ ಆಸಕ್ತಿ ಭೂಕಂಪಗಳತ್ತ ಹೊರಳಿತು. ವೀಕ್ಷಣಾಲಯದಲ್ಲಿ ಸೂಕ್ತ ಭೂಕಂಪಮಾಪಕವಿರಲಿಲ್ಲ. 1906ರಲ್ಲಿ ಬುಡಾಪೆಸ್ಟ್‌ನಿಂದ ಉಪಕರಣವೊಂದನ್ನು ಎರವಲು ತಂದರು. ಬಳಿಕ ಹೆಚ್ಚು ಸೂಕ್ಷ್ಮವಾದ ವೀಕರ್ಟ್ ಭೂಕಂಪಮಾಪಕಗಳನ್ನು ದೊರಕಿಸಿಕೊಂಡರು.

ಮೊಹೊ ಗಡಿಯ ಶೋಧನೆ

1909ರ ಅಕ್ಟೋಬರ್ 8ರಂದು ಜಾಗ್ರೆಬ್‌ನ ಆಗ್ನೇಯಕ್ಕಿರುವ ಕುಪಾ ನದಿ ಕಣಿವೆಯಲ್ಲಿ ಪ್ರಬಲ ಭೂಕಂಪ ಸಂಭವಿಸಿತು. ಮೊಹೊರೊವಿಚಿಚ್ ಯೂರೋಪಿನ ಅನೇಕ ಕೇಂದ್ರಗಳಿಂದ ದಾಖಲೆಗಳನ್ನು ತರಿಸಿಕೊಂಡು ಹೋಲಿಸಿದರು. ನಿರ್ದಿಷ್ಟ ದೂರದ ಕೇಂದ್ರಗಳಲ್ಲಿ ಪ್ರಾಥಮಿಕ ತರಂಗಗಳು ಒಂದರ ಬದಲು ಎರಡು ಬಾರಿ ತಲುಪಿದ್ದವು. ಒಂದು ತರಂಗ ಮೇಲಿನ ಪದರದಲ್ಲೇ ನೇರವಾಗಿ ಸಾಗಿ ಬಂದಿದೆ; ಇನ್ನೊಂದು ಆಳಕ್ಕಿಳಿದು, ಅಲ್ಲಿನ ಶಿಲೆಯಲ್ಲಿ ಹೆಚ್ಚು ವೇಗವಾಗಿ ಚಲಿಸಿ ಮತ್ತೆ ಮೇಲೆ ಬಂದಿದೆ ಎಂದು ಅವರು ತರ್ಕಿಸಿದರು. ದೂರ ಹೆಚ್ಚಾದಂತೆ ಆಳದ ಹಾದಿ ಹಿಡಿದ ತರಂಗವೇ ಮೊದಲು ತಲುಪುತ್ತಿತ್ತು. ಸುಮಾರು 54 ಕಿ.ಮೀ. ಆಳದಲ್ಲಿ ತರಂಗದ ವೇಗ ಸೆಕೆಂಡಿಗೆ ಸುಮಾರು 5.7 ಕಿ.ಮೀ.ಯಿಂದ 7.7 ಕಿ.ಮೀ.ಗೆ ಒಮ್ಮೆಲೇ ಏರುವುದೆಂದು ಲೆಕ್ಕ ಹಾಕಿ, 1910ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಇಂಥ ಗಡಿ ಭೂಮಿಯಾದ್ಯಂತ ಇದೆಯೆಂಬುದನ್ನು ನಂತರದ ಸಂಶೋಧನೆಗಳು ದೃಢಪಡಿಸಿದವು. ಖಂಡಗಳ ಕೆಳಗೆ ಅದು ಸರಾಸರಿ 35 ಕಿ.ಮೀ. ಆಳದಲ್ಲಿದ್ದರೆ, ಸಾಗರತಳದಿಂದ ಕೆಳಗೆ 5ರಿಂದ 10 ಕಿ.ಮೀ. ಆಳದಲ್ಲೇ ಸಿಗುತ್ತದೆ.

ಇತರ ಕಾರ್ಯಗಳು

ಭೂಕಂಪ ಕಟ್ಟಡಗಳ ಮೇಲೆ ಉಂಟುಮಾಡುವ ಪರಿಣಾಮವನ್ನು ಕುರಿತು ಇವರು 1909ರಲ್ಲೇ ಉಪನ್ಯಾಸ ನೀಡಿದ್ದರು. ಕಂಪನವನ್ನು ತಾಳಬಲ್ಲಂತೆ ಕಟ್ಟಡಗಳನ್ನು ವಿನ್ಯಾಸಗೊಳಿಸಬೇಕೆಂಬ ವಿಚಾರವನ್ನು ಮಂಡಿಸಿದ ಆರಂಭಿಕರಲ್ಲಿ ಇವರೂ ಒಬ್ಬರು.

ನಿಧನ ಮತ್ತು ಸ್ಮರಣೆ

ಇವರು ಜಾಗ್ರೆಬ್‌ನಲ್ಲಿ ನಿಧನರಾದರು. ಸಮಾಧಿ ಮಿರೊಗೊಯ್ ಸ್ಮಶಾನದಲ್ಲಿದೆ. ಚಂದ್ರನ ಮೇಲಿನ ಒಂದು ಕುಳಿಗೂ 8422 ಸಂಖ್ಯೆಯ ಕ್ಷುದ್ರಗ್ರಹಕ್ಕೂ ಇವರ ಹೆಸರನ್ನಿಡಲಾಗಿದೆ. ಸಾಗರತಳವನ್ನು ಕೊರೆದು ಮೊಹೊ ಗಡಿಯನ್ನು ಮುಟ್ಟಲು ಅಮೆರಿಕ 1960ರ ದಶಕದಲ್ಲಿ ಕೈಗೊಂಡ 'ಮೊಹೋಲ್' ಯೋಜನೆ ಗುರಿ ತಲುಪದೆ ನಿಂತುಹೋಯಿತು.