ಬೀಳಗಿಯ ಅಮೀರಬಾಯಿ

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡುವ ಎಷ್ಟೋ ವರ್ಷ ಮೊದಲೇ ‘ಕರ್ನಾಟಕಿ’ ಎಂಬ ಅಡ್ಡಹೆಸರಿನಿಂದ ಮುಂಬಯಿಯಲ್ಲಿ ಮೆರೆದ ಗಾಯಕಿ ಅಮೀರಬಾಯಿ. ಬೇರೆಲ್ಲಿಯವರೋ ಅಲ್ಲ, ಪಕ್ಕದ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ನವಿಲುತೀರ್ಥ ದಾಟಿದ ನಮ್ಮ ಮಲಪ್ರಭೆ ಕೃಷ್ಣೆಯನ್ನು ಸೇರುವುದೂ ಅದೇ ಜಿಲ್ಲೆಯಲ್ಲಿ. ಆದರೂ ನಮ್ಮ ತರಗತಿಯಲ್ಲಿ ಕೇಳಿದಾಗ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಅವರದು ಹಾಡು, ನಾಟಕದ ಮನೆತನ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ರಂಗದಲ್ಲಿ ಹೆಸರಾದರು. ಹಾಡುವ ಹೆಣ್ಣುಮಕ್ಕಳಿಗೆ ಚಪ್ಪಾಳೆ ತಟ್ಟಿದವರೇ ಮನೆಗೆ ಬಂದು ಅವರ ಬಗ್ಗೆ ಹಗುರಾಗಿ ಮಾತನಾಡುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಅಮೀರಬಾಯಿ ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಹೋದರು. ಮೊದಲು ಕವ್ವಾಲಿಯ ರೆಕಾರ್ಡು, 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ನಟನೆ. ಕವ್ವಾಲಿ ಹಾಡಿದ ಅದೇ ಕಂಠ 1940ರ ‘ನರಸಿ ಭಗತ್’ ಚಿತ್ರದಲ್ಲಿ ಭಜನೆಯನ್ನೂ ಹಾಡಿತು. ನನಗೆ ಬಹಳ ಹಿಡಿಸಿದ ಸಂಗತಿ ಇದು.

1943ರಲ್ಲಿ ‘ಕಿಸ್ಮತ್’ ಬಂತು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ವರ್ಷವೂ ತುಂಬಿರಲಿಲ್ಲ. ಪರಕೀಯರೇ ದೂರ ಸರಿಯಿರಿ ಎನ್ನುವ ಹಾಡನ್ನು ಕವಿ ಪ್ರದೀಪ್ ಬರೆದರು, ಅನಿಲ್ ಬಿಸ್ವಾಸ್ ರಾಗ ಹಾಕಿದರು, ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದರು. ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರಿದ್ದದ್ದರಿಂದ ಸೆನ್ಸಾರಿನವರು ಬಿಟ್ಟರು. ಜನರಿಗೆ ಮಾತ್ರ ಯಾರಿಗೆ ಹೇಳಿದ್ದೆಂದು ಚೆನ್ನಾಗಿ ಗೊತ್ತಿತ್ತು! ಕಲಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಬೀಳಗಿಯ ಹೆಣ್ಣುಮಗಳ ದನಿ ಅಲ್ಲಿ ದಿನವೂ ಮೊಳಗಿತು.

ಹಾಡಿನಲ್ಲಿ ಗೆದ್ದವರಿಗೆ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಬಹಳ ನೋವು ಕೊಟ್ಟಿತು. ಸಹಿಸಿಕೊಂಡು ಕೂಡದೆ ಅದರಿಂದ ಬಿಡುಗಡೆ ಪಡೆದರು. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. 1948ರಲ್ಲಿ ‘ಶೆಹನಾಜ್’ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಆ ಕೆಲಸದಲ್ಲಿ ಹೆಂಗಸರು ಬೆರಳೆಣಿಕೆಯಷ್ಟೂ ಇರದಿದ್ದ ದಿನಗಳವು. ಅಷ್ಟರಲ್ಲಿ ಲತಾ ಮಂಗೇಶ್ಕರರ ದನಿ ಬಂದಿತ್ತು. ಹಾಡಿನ ಅವಕಾಶಗಳು ಕಡಿಮೆಯಾದವು, ಅಮೀರಬಾಯಿ ಮತ್ತೆ ನಟನೆಗೆ ತಿರುಗಿದರು.

1965ರ ಮಾರ್ಚ್ 3ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡರು. ಮಣ್ಣು ಮಾಡಿದ್ದು ವಿಜಯಪುರದಲ್ಲಿ. ಆ ಊರಿನ ಅಮೀರ್ ಟಾಕೀಸಿಗೆ ಅವರದೇ ಹೆಸರು. ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಅಮೀರಬಾಯಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಗ್ರಂಥಾಲಯಕ್ಕೆ ತರಿಸಿಕೊಡಿ ಎಂದು ಗುರುಗಳಲ್ಲಿ ವಿನಂತಿ.