ಅಕ್ಕನ ಸರದಿ, ತಂಗಿಯ ಸರದಿ



ಪುಣೆಯಲ್ಲಿ ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ರೇಡಿಯಂ ಅಂಗಡಿ ಇದೆ. ನಿಮ್ಮ ಊರಿನಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಬೈಕಿನ ನಂಬರ್ ಪ್ಲೇಟಿಗೆ, ಆಟೋದ ಹಿಂದೆ ಬರೆಸುವ ಹೆಸರಿಗೆ ಹೊಳೆಯುವ ಸ್ಟಿಕ್ಕರ್ ಕತ್ತರಿಸಿ ಅಂಟಿಸಿಕೊಡುವ ಪುಟ್ಟ ಅಂಗಡಿ. ಒಂದು ದಿನ ಏಳು ವರ್ಷದ ನನ್ನ ಮಗಳು ಅದರ ಬೋರ್ಡು ಓದಿ, ರೇಡಿಯಂ ಅಂದರೆ ಏನಮ್ಮಾ ಎಂದು ಕೇಳಿದಳು. ಈ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ, ನಿಜವಾದ ರೇಡಿಯಂ ಕಂಡುಹಿಡಿದದ್ದು ಒಬ್ಬ ಹೆಂಗಸು ಎಂದೆ. ಆ ರಾತ್ರಿ ಊಟ ಮಾಡಿಸುತ್ತಾ ಕಥೆ ಶುರು ಮಾಡಿದೆ. ಕಥೆಯ ಮಧ್ಯೆ ಒಂದು ಕಡೆ ನನಗೇ ಗಂಟಲು ಕಟ್ಟಿತು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಮೇಡಂ ಕ್ಯೂರಿಯ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಎರಡು ನೊಬೆಲ್, ಗಂಡ ಪಿಯರ್, ಸೋರುವ ಶೆಡ್ಡಿನ ಪ್ರಯೋಗಾಲಯ. ಆದರೆ ಆಕೆ ಹೈಸ್ಕೂಲು ಮುಗಿಸಿದ್ದು 1883ರಲ್ಲಿ, ಕಾಲೇಜಿನ ಮೆಟ್ಟಿಲು ಹತ್ತಿದ್ದು 1891ರಲ್ಲಿ. ನಡುವೆ ಎಂಟು ವರ್ಷ. ಪಾಠದಲ್ಲಿ ಆ ಎಂಟು ವರ್ಷಕ್ಕೆ ಒಂದು ಸಾಲೂ ಇರಲಿಲ್ಲ. ನಾನು ಹೇಳಹೊರಟಿರುವುದು ಆ ವರ್ಷಗಳ ಕಥೆ. ಮನೆಯವರು ಅವಳನ್ನು ಮಾನ್ಯಾ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಮಾನ್ಯಾ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ಐದು ಮಕ್ಕಳಲ್ಲಿ ಕೊನೆಯವಳು. ಅಪ್ಪ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು, ಅಮ್ಮ ಹುಡುಗಿಯರ ಶಾಲೆಯೊಂದನ್ನು ನಡೆಸಿದ್ದವರು. ಊರು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ಪಾಠವೆಲ್ಲ ರಷ್ಯನ್ ಭಾಷೆಯಲ್ಲಿ, ಮನೆಮಾತು ಪೋಲಿಷ್‌ಗೆ ಅಲ್ಲಿ ಜಾಗವಿಲ್ಲ. ದೊಡ್ಡಕ್ಕ ಟೈಫಸ್ ಜ್ವರಕ್ಕೆ ಬಲಿಯಾದಳು. ಮಾನ್ಯಾಗೆ ಹತ್ತು ವರ್ಷವಾಗಿದ್ದಾಗ ಅಮ್ಮ ಕ್ಷಯದಿಂದ ತೀರಿಕೊಂಡರು. ಅಪ್ಪ ಕೂಡಿಟ್ಟಿದ್ದ ಹಣವನ್ನು ತಪ್ಪು ಕಡೆ ಹೂಡಿ ಕಳೆದುಕೊಂಡರು. ಸಂಸಾರ ತೂಗಿಸಲು ಮನೆಯಲ್ಲೇ ಹುಡುಗರನ್ನು ಊಟ ವಸತಿಗೆ ಇಟ್ಟುಕೊಂಡರು.

ಹದಿನೈದನೇ ವಯಸ್ಸಿಗೆ ಮಾನ್ಯಾ ಚಿನ್ನದ ಪದಕದೊಂದಿಗೆ ಹೈಸ್ಕೂಲು ಮುಗಿಸಿದಳು. ಆಮೇಲೆ ದಾರಿ ಮುಚ್ಚಿತ್ತು, ವಾರ್ಸಾದ ವಿಶ್ವವಿದ್ಯಾಲಯ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಓದುವ ಆಸೆಯ ಹೆಣ್ಣುಮಕ್ಕಳಿಗೆ ಇದ್ದದ್ದು ಗುಟ್ಟಾಗಿ ನಡೆಯುತ್ತಿದ್ದ ತರಗತಿಗಳು. ಪೊಲೀಸರ ಕಣ್ಣು ತಪ್ಪಿಸಲು ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಅದಕ್ಕೆ ಹಾರುವ ವಿಶ್ವವಿದ್ಯಾಲಯ ಎಂದೇ ಹೆಸರು. ಮಾನ್ಯಾ ಮತ್ತು ಅವಳ ಅಕ್ಕ ಬ್ರೋನ್ಯಾ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರು. ಆದರೆ ಅಲ್ಲಿ ಡಿಗ್ರಿ ಸಿಗುವುದಿಲ್ಲ. ಬ್ರೋನ್ಯಾಗೆ ಡಾಕ್ಟರ್ ಆಗಬೇಕು. ಅದಕ್ಕೆ ಪ್ಯಾರಿಸ್ಸಿಗೇ ಹೋಗಬೇಕು. ಅವಳು ಕೂಡಿಟ್ಟಿದ್ದ ದುಡ್ಡು ಮೊದಲ ವರ್ಷಕ್ಕೆ ಮಾತ್ರ ಸಾಕಾಗುವಷ್ಟಿತ್ತು.

ಆಗ ಉಪಾಯ ಹೇಳಿದವಳು ತಂಗಿಯೇ. ಮೊದಲು ನೀನು ಹೋಗು, ನಾನು ದುಡಿದು ಕಳಿಸುತ್ತೇನೆ, ನೀನು ಡಾಕ್ಟರ್ ಆದ ಮೇಲೆ ನನ್ನನ್ನು ಓದಿಸು ಎನ್ನುವುದೇ ಆ ಕರಾರು. ಕಾಗದವಿಲ್ಲ, ಸಾಕ್ಷಿಯಿಲ್ಲ. 1885ರಲ್ಲಿ ಬ್ರೋನ್ಯಾ ಪ್ಯಾರಿಸ್ ರೈಲು ಹತ್ತಿದಳು. 1886ರ ಜನವರಿ ಒಂದರಂದು, ಹದಿನೆಂಟು ವರ್ಷದ ಮಾನ್ಯಾ ಶ್ಚುಕಿ ಎಂಬ ಹಳ್ಳಿಯತ್ತ ಹೊರಟಳು.

ವಾರ್ಸಾದಿಂದ ಸುಮಾರು 100 ಕಿಲೋಮೀಟರ್ ದೂರದ ಆ ಹಳ್ಳಿಯ ಸುತ್ತ ಬೀಟ್ ಗೆಡ್ಡೆಯ ಹೊಲಗಳು, ಪಕ್ಕದಲ್ಲೇ ಸಕ್ಕರೆ ಕಾರ್ಖಾನೆ. ಜೊರಾವ್ಸ್ಕಿ ಎಂಬ ಸ್ಥಿತಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ. ವರ್ಷಕ್ಕೆ 500 ರೂಬಲ್ ಸಂಬಳ. ದಿನಕ್ಕೆ ಏಳು ಗಂಟೆ ಪಾಠ. ಉಳಿದ ಹೊತ್ತಿನಲ್ಲಿ ಊರಿನ ರೈತರ, ಕೂಲಿಯವರ ಮಕ್ಕಳನ್ನು ಸೇರಿಸಿಕೊಂಡು ಪೋಲಿಷ್ ಅಕ್ಷರ ಕಲಿಸಿದಳು. ಗೊತ್ತಾದರೆ ಶಿಕ್ಷೆ ಖಂಡಿತ, ಸೈಬೀರಿಯಾಕ್ಕೆ ಕಳಿಸಿದರೂ ಕೇಳುವವರಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತನ್ನ ಓದು. ಗಣಿತದ ಲೆಕ್ಕಗಳನ್ನು ಅಪ್ಪನಿಗೆ ಕಾಗದದಲ್ಲಿ ಬರೆದು ಕೇಳುತ್ತಿದ್ದಳು. ಈಗಿನ ದೂರಶಿಕ್ಷಣದ ಹಾಗೆ, ಅಂಚೆಯ ಮೂಲಕವೇ ಅಪ್ಪನ ಪಾಠ.

ಆ ಮನೆಯ ದೊಡ್ಡ ಮಗ ಕಾಜಿಮಿಯೆಜ್ ವಾರ್ಸಾದಲ್ಲಿ ಗಣಿತ ಓದುತ್ತಿದ್ದ. ರಜೆಗೆ ಬಂದವನಿಗೆ ಮಾನ್ಯಾ ಮೇಲೆ ಮನಸ್ಸಾಯಿತು, ಅವಳಿಗೂ ಆಯಿತು. ಮದುವೆಯಾಗುತ್ತೇನೆಂದು ಅವನು ಮನೆಯಲ್ಲಿ ಹೇಳಿದ. ಅಲ್ಲಿಯವರೆಗೆ ಅವಳನ್ನು ಮನೆಮಗಳಂತೆ ನೋಡುತ್ತಿದ್ದ ಅಪ್ಪ ಅಮ್ಮ ಒಂದೇ ದಿನಕ್ಕೆ ಬದಲಾದರು. ದುಡ್ಡಿಲ್ಲದ, ಪರರ ಮನೆಯಲ್ಲಿ ದುಡಿಯುವ ಹುಡುಗಿ ಸೊಸೆಯಾಗುವುದು ಅವರಿಗೆ ಸಾಧ್ಯವೇ ಇರಲಿಲ್ಲ. ಹುಡುಗ ಎದುರು ನಿಲ್ಲಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮಾರನೇ ದಿನವೇ ಪೆಟ್ಟಿಗೆ ಕಟ್ಟುತ್ತಿದ್ದರು. ಮಾನ್ಯಾ ಕಟ್ಟಲಿಲ್ಲ. ಕೆಲಸ ಬಿಟ್ಟರೆ ಪ್ಯಾರಿಸ್ಸಿನಲ್ಲಿರುವ ಅಕ್ಕನಿಗೆ ದುಡ್ಡು ಹೋಗುವುದಿಲ್ಲ. ಅವಮಾನ ನುಂಗಿಕೊಂಡು ಅದೇ ಮನೆಯಲ್ಲಿ, ಅದೇ ಊಟದ ಮೇಜಿನಲ್ಲಿ 1889ರವರೆಗೆ ಉಳಿದಳು. ನನಗೆ ಗಂಟಲು ಕಟ್ಟಿದ್ದು ಇಲ್ಲಿಯೇ.

1890ರಲ್ಲಿ ಬ್ರೋನ್ಯಾಳಿಂದ ಕಾಗದ ಬಂತು. ಓದು ಮುಗಿಯುತ್ತಾ ಬಂದಿದೆ, ದ್ಲುಸ್ಕಿ ಎಂಬ ಪೋಲಿಷ್ ಹುಡುಗನನ್ನು ಮದುವೆಯಾಗುತ್ತಿದ್ದೇನೆ, ಇನ್ನು ನಿನ್ನ ಸರದಿ, ನಮ್ಮ ಮನೆಯಲ್ಲೇ ಇದ್ದು ಓದು ಎಂಬುದು ಅದರ ಸಾರ. ವಿಚಿತ್ರವೆಂದರೆ ಮಾನ್ಯಾ ತಕ್ಷಣ ಒಪ್ಪಲಿಲ್ಲ. ಕಾದು ಕಾದು ಆಸೆಯೇ ಬತ್ತಿತ್ತು. ವಯಸ್ಸಾದ ಅಪ್ಪನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಕಾಜಿಮಿಯೆಜ್ ಒಂದು ದಿನ ಧೈರ್ಯ ಮಾಡಿಯಾನು ಎಂಬ ಸಣ್ಣ ನಿರೀಕ್ಷೆಯೂ ಇತ್ತು. ಆ ನಡುವೆ ವಾರ್ಸಾದಲ್ಲಿ ಸೋದರಸಂಬಂಧಿಯೊಬ್ಬರು ನೋಡಿಕೊಳ್ಳುತ್ತಿದ್ದ ಪುಟ್ಟ ಪ್ರಯೋಗಾಲಯದಲ್ಲಿ ಅವಳಿಗೆ ಮೊದಲ ಬಾರಿ ಉಪಕರಣಗಳನ್ನು ಕೈಯಲ್ಲಿ ಹಿಡಿಯುವ ಅವಕಾಶ ಸಿಕ್ಕಿತು. ಸಂಜೆ ಮತ್ತು ಭಾನುವಾರ ಅಲ್ಲೇ ಕಳೆಯುತ್ತಿದ್ದಳು. 1891ರ ಸೆಪ್ಟೆಂಬರಿನಲ್ಲಿ ಬೆಟ್ಟದೂರಾದ ಜಾಕೊಪಾನೆಯಲ್ಲಿ ಕಾಜಿಮಿಯೆಜ್‌ನನ್ನು ಕಂಡಳು. ಅವನಿನ್ನೂ ಅನುಮಾನದಲ್ಲೇ ಇದ್ದ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಬರುತ್ತೇನೆಂದು ಅಕ್ಕನಿಗೆ ಕಾಗದ ಹಾಕಿದಳು.

ನವೆಂಬರಿನಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿಗೆ ಹೊರಟಳು. ಜರ್ಮನಿ ದಾಟುವಾಗ ನಾಲ್ಕನೇ ದರ್ಜೆಯ ಬೋಗಿ. ಕೂರಲು ಸರಿಯಾದ ಸೀಟೂ ಇಲ್ಲದ ಆ ಬೋಗಿಗಾಗಿ ಮನೆಯಿಂದಲೇ ಮಡಚುವ ಕುರ್ಚಿ, ಕಂಬಳಿ, ದಾರಿಯ ಬುತ್ತಿ ಕಟ್ಟಿಕೊಂಡಿದ್ದಳು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಪುಳಿಯೋಗರೆ ಡಬ್ಬಿಯೊಂದಿಗೆ ಪುಣೆಗೆ ಬಂದಿಳಿದ ನಮಗೆ ಈ ಚಿತ್ರ ಹೊಸದೇನಲ್ಲ. ಸೋರ್ಬೋನ್ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಹೆಸರನ್ನು ಫ್ರೆಂಚರ ಹಾಗೆ ಮಾರಿ ಎಂದು ಬರೆದಳು. ಅದೇ ನಮ್ಮ ಬಾಯಲ್ಲಿ ಮೇರಿ.

ಮೊದಲು ಅಕ್ಕ ಭಾವನ ಮನೆಯಲ್ಲಿದ್ದಳು. ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಮನೆ ತುಂಬ ಪೋಲಿಷ್ ನೆಂಟರು, ಪಿಯಾನೋ, ಮಾತು. ಕಾಲೇಜಿಗೆ ಕುದುರೆ ಬಸ್ಸಿನಲ್ಲಿ ಒಂದು ಗಂಟೆ. ದುಡ್ಡು ಉಳಿಸಲು ಮೇಲಂತಸ್ತಿನಲ್ಲಿ ಚಳಿಗಾಳಿಗೆ ಕೂರುತ್ತಿದ್ದಳು. ಕೆಲವೇ ತಿಂಗಳಲ್ಲಿ ಕಾಲೇಜಿನ ಹತ್ತಿರ ಮಹಡಿಯ ತುದಿಯ ಸಣ್ಣ ಕೋಣೆಗೆ ಬಂದಳು. ಖರ್ಚಿಗೆ ದಿನಕ್ಕೆ ಸುಮಾರು ಮೂರು ಫ್ರಾಂಕ್. ಬಾಡಿಗೆ, ಊಟ, ಪುಸ್ತಕ, ಫೀಸು ಎಲ್ಲ ಅದರಲ್ಲೇ. ಒಲೆಗೆ ಇದ್ದಿಲನ್ನು ತಾನೇ ಮೆಟ್ಟಿಲು ಹತ್ತಿ ಹೊತ್ತು ತರಬೇಕು. ಚಳಿಗಾಲದ ರಾತ್ರಿ ಬೇಸಿನ್ನಿನ ನೀರು ಹೆಪ್ಪುಗಟ್ಟುತ್ತಿತ್ತು. ಇರುವ ಬಟ್ಟೆಯನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುತ್ತಿದ್ದಳು. ದೀಪದ ಎಣ್ಣೆ ಉಳಿಸಲು ರಾತ್ರಿ ಹತ್ತರವರೆಗೆ ಗ್ರಂಥಾಲಯದಲ್ಲೇ ಓದು. ಚಹಾ, ಬ್ರೆಡ್ಡು ಬಿಟ್ಟರೆ ಬೇರೆ ಅಡುಗೆಯ ಗೋಜಿಲ್ಲ. ಒಮ್ಮೆ ತಲೆಸುತ್ತಿ ಬಿದ್ದಳು. ಸುದ್ದಿ ತಿಳಿದ ಭಾವ ಓಡಿ ಬಂದು ಮನೆಗೆ ಕರೆದೊಯ್ದು, ಅಕ್ಕನ ಕೈಯಲ್ಲಿ ಹೊಟ್ಟೆ ತುಂಬ ಊಟ ಹಾಕಿಸಿದ.

ಓದಿನಲ್ಲೂ ಸುಲಭವಿರಲಿಲ್ಲ. ತನಗೆ ಚೆನ್ನಾಗಿ ಬರುತ್ತದೆಂದುಕೊಂಡಿದ್ದ ಫ್ರೆಂಚ್ ತರಗತಿಯಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಗಣಿತದಲ್ಲಿ ಉಳಿದವರಿಗಿಂತ ಹಿಂದಿದ್ದಳು. ಆದರೂ 1893ರ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಕೈ ಖಾಲಿಯಾಗಿ ಊರಿಗೆ ಹಿಂತಿರುಗಬೇಕು ಎನ್ನುವಾಗ, ಹೊರದೇಶದಲ್ಲಿ ಓದುವ ಪೋಲಿಷ್ ವಿದ್ಯಾರ್ಥಿಗಳಿಗೆಂದು ಇದ್ದ 600 ರೂಬಲ್ ವಿದ್ಯಾರ್ಥಿವೇತನ ಸಿಕ್ಕಿತು. 1894ರಲ್ಲಿ ಗಣಿತದ ಪದವಿ ಎರಡನೇ ಸ್ಥಾನದೊಂದಿಗೆ. ಆ ವರ್ಷವೇ ಸಂಸ್ಥೆಯೊಂದು ಬೇರೆ ಬೇರೆ ಬಗೆಯ ಉಕ್ಕಿನ ಕಾಂತಗುಣ ಪರೀಕ್ಷಿಸುವ ಕೆಲಸವನ್ನು ಸಂಭಾವನೆ ಕೊಟ್ಟು ವಹಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಓದಿನ ಜೊತೆಗೆ ಒಂದು ಪ್ರಾಜೆಕ್ಟ್. ಆ ದುಡಿಮೆಯಿಂದ ಅವಳು ಮಾಡಿದ ಕೆಲಸಗಳಲ್ಲಿ ಒಂದು, ವಿದ್ಯಾರ್ಥಿವೇತನದ ಹಣ ಹಿಂದಿರುಗಿಸಿದ್ದು. ಯಾರೂ ಕೇಳಿರಲಿಲ್ಲ. ಇನ್ನೊಬ್ಬ ಬಡ ಹುಡುಗಿಗೆ ಅದು ಬೇಕಾದೀತು ಎಂದು ಅವಳಿಗನಿಸಿತ್ತು.

ಉಕ್ಕಿನ ಪ್ರಯೋಗಕ್ಕೆ ಜಾಗ ಹುಡುಕುವಾಗಲೇ ಪಿಯರ್ ಕ್ಯೂರಿಯ ಪರಿಚಯವಾಯಿತು. ಆದರೂ ಊರಿಗೆ ಮರಳಿ ಅಪ್ಪನ ಬಳಿ ಇರಬೇಕೆಂದೇ ಅವಳ ಆಸೆ. ಕ್ರಾಕೋವ್ ವಿಶ್ವವಿದ್ಯಾಲಯದಲ್ಲಿ ಕೆಲಸ ಕೇಳಿದಳು. ಹೆಣ್ಣು ಎಂಬ ಕಾರಣಕ್ಕೆ ಅದು ಸಿಗಲಿಲ್ಲ. 1895ರ ಜುಲೈ 26ರಂದು ಪಿಯರ್ ಜೊತೆ ಸರಳವಾಗಿ ಮದುವೆಯಾಯಿತು. ಮದುವೆಗೆ ಗಾಢ ನೀಲಿ ಬಣ್ಣದ ಉಡುಪು ಆರಿಸಿದಳು, ಆಮೇಲೆ ಪ್ರಯೋಗಾಲಯಕ್ಕೂ ಹಾಕಿಕೊಳ್ಳಬಹುದು ಎಂದು.

ಮುಂದಿನದು ನಿಮಗೆ ಗೊತ್ತಿದೆ. 1898ರಲ್ಲಿ ಪೊಲೋನಿಯಂ, ರೇಡಿಯಂ. ಮೊದಲನೆಯದಕ್ಕೆ ತನ್ನ ದೇಶದ ಹೆಸರಿಟ್ಟರು. 1903ರಲ್ಲಿ ಭೌತಶಾಸ್ತ್ರದ ನೊಬೆಲ್, 1906ರಲ್ಲಿ ಪಿಯರ್ ಸಾವು, 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್. ವರ್ಷಗಟ್ಟಲೆ ಕೈಯಲ್ಲಿ ಹಿಡಿದ ವಿಕಿರಣವೇ ರಕ್ತದ ಕಾಯಿಲೆಯಾಗಿ 1934ರ ಜುಲೈ 4ರಂದು ತೀರಿಕೊಂಡರು. ಪಾಠದಲ್ಲಿ ಇಲ್ಲದ ಇನ್ನೊಂದು ಸಂಗತಿ ಇದೆ. 1932ರಲ್ಲಿ ವಾರ್ಸಾದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ರೇಡಿಯಂ ಸಂಸ್ಥೆ ಬಾಗಿಲು ತೆರೆಯಿತು. ಅದಕ್ಕಾಗಿ ಊರೂರಲ್ಲಿ ಹಣ ಕೂಡಿಸಲು ಓಡಾಡಿದವಳು ಡಾಕ್ಟರ್ ಬ್ರೋನ್ಯಾ. ಸಂಸ್ಥೆಯ ಮೊದಲ ನಿರ್ದೇಶಕಿಯೂ ಅವಳೇ. ತಂಗಿ ಕಂಡುಹಿಡಿದ ರೇಡಿಯಂ, ತಂಗಿಯ ದುಡಿಮೆಯಿಂದ ಡಾಕ್ಟರ್ ಆದ ಅಕ್ಕ, ಎರಡೂ ಒಂದೇ ಸೂರಿನಡಿ ಸೇರಿದವು.

ಇನ್ನು ನನ್ನ ಮಾತು. ನಮ್ಮ ಮನೆಯಲ್ಲಿ ಶ್ಚುಕಿಗೆ ಹೋದವಳು ನನ್ನ ಅಕ್ಕ. ಪಿಯುಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಿದ್ದವಳು, ಅಪ್ಪನ ವ್ಯಾಪಾರ ನಿಂತಾಗ ದಾವಣಗೆರೆಯ ಒಂದು ನರ್ಸರಿ ಶಾಲೆಯಲ್ಲಿ ಟೀಚರ್ ಆದಳು. ಸಂಜೆ ಮನೆಯಲ್ಲಿ ಟ್ಯೂಷನ್. ನನ್ನ ಬಿಇ ಫೀಸಿನ ದೊಡ್ಡ ಪಾಲು ಅದರಿಂದಲೇ ಬಂತು. ಪುಣೆಗೆ ಬಂದು, ಪಿಜಿಯಲ್ಲಿ ನಾಲ್ವರು ಒಂದೇ ಕೋಣೆಯಲ್ಲಿದ್ದು, ಕೆಲಸ ಮಾಡುತ್ತಲೇ ಎಂಟೆಕ್ ಮುಗಿಸಿದೆ ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಅಕ್ಕನಿಗೆ ಸೀರೆ ಕೊಡಿಸಿದ್ದೇನೆ, ಮೊಬೈಲ್ ಕೊಡಿಸಿದ್ದೇನೆ. ಇನ್ನು ನಿನ್ನ ಸರದಿ ಎಂಬ ಒಂದು ಮಾತನ್ನು ಮಾತ್ರ ಹದಿನೈದು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಬ್ರೋನ್ಯಾ ಮರೆಯಲಿಲ್ಲ, ನಾನು ಮರೆತೆ.

ಮಗಳನ್ನು ಮಲಗಿಸಿ ಆ ರಾತ್ರಿಯೇ ಫೋನ್ ಮಾಡಿದೆ. ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಕಟ್ಟು, ಫೀಸು ನನ್ನದು ಎಂದೆ. ಅಕ್ಕ ಮೊದಲು ನಕ್ಕಳು. ನಲವತ್ತೊಂದಕ್ಕೆ ಬಿಎ ಕಟ್ಟಿ ಯಾವ ಊರು ಉದ್ಧಾರ ಮಾಡಬೇಕು ಎಂದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ನಂತರ ಅವಳೇ ದನಿ ತಗ್ಗಿಸಿ, ಪರೀಕ್ಷೆ ಎಷ್ಟು ದಿನ ಇರುತ್ತದೆ, ಅಷ್ಟು ದಿನ ಮನೆಯಲ್ಲಿ ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು. ರಜೆ ಹಾಕಿ ನಾನೇ ಬರುತ್ತೇನೆ ಎಂದೆ.

ಅರ್ಜಿ ತುಂಬಿದ್ದಾಗಿದೆ. ಕನ್ನಡ ಮತ್ತು ಇತಿಹಾಸ ಆರಿಸಿಕೊಂಡಿದ್ದಾಳೆ. ಊರು ಬಿಟ್ಟು ಬಂದು ಇಲ್ಲಿ ನೆಲೆ ಕಂಡ ನಮ್ಮಲ್ಲಿ ಬಹಳ ಜನರ ಹಿಂದೆ ಇಂಥ ಒಬ್ಬ ಅಕ್ಕನೋ, ಅತ್ತಿಗೆಯೋ, ಅಮ್ಮನೋ ಇರುತ್ತಾರೆ. ಅವರ ಸರದಿ ಇನ್ನೂ ಬಾಕಿ ಇದ್ದರೆ, ಇವತ್ತೇ ಒಂದು ಫೋನ್ ಮಾಡಿ.