ಕಡಿದಾಳರ ಕನಸು ಮತ್ತು ಒಂದು ಪಹಣಿ

ಕಾನೂನು ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಪ್ರಾಯೋಗಿಕ ತರಬೇತಿಗೆಂದು ಹೊಳಲೂರಿನಿಂದ ಬಸ್ಸಿನಲ್ಲಿ ಶಿವಮೊಗ್ಗದ ನನ್ನ ಕಚೇರಿಗೆ ಬರುತ್ತಿದ್ದ. ಸಂವಿಧಾನದ ವಿಧಿಗಳನ್ನು ಸಂಖ್ಯೆಸಹಿತ ಹೇಳಬಲ್ಲ ಚುರುಕು ಹುಡುಗ. ಒಂದು ದಿನ ಅವನ ಕೈಗೆ ಪಹಣಿಯೊಂದನ್ನು ಕೊಟ್ಟು, ಈ ಜಮೀನನ್ನು ಯಾರು ಉಳುತ್ತಿದ್ದಾರೆ, ಯಾವ ಹಕ್ಕಿನಿಂದ ಉಳುತ್ತಿದ್ದಾರೆ ಎಂದು ಕೇಳಿದೆ. ಅವನು ಮಾಲೀಕನ ಹೆಸರನ್ನಷ್ಟೇ ಓದಿ ಸುಮ್ಮನಾದ. ಸಾಗುವಳಿದಾರನ ಅಂಕಣ ಅವನ ಕಣ್ಣಿಗೆ ಬೀಳಲೇ ಇಲ್ಲ. ಆಗ ನನಗೆ ನೆನಪಾದವರು ಕಡಿದಾಳು ಮಂಜಪ್ಪನವರು. ಆ ಅಂಕಣದಲ್ಲಿ ಇರಬೇಕಾದ ಮನುಷ್ಯನಿಗಾಗಿ ಕಾನೂನು ರೂಪಿಸಲು ಅವರು ತಮ್ಮ ರಾಜಕೀಯ ಜೀವನದ ಬಹುಭಾಗವನ್ನು ವ್ಯಯಿಸಿದ್ದರು.

ಇಂದಿನ ತಲೆಮಾರಿಗೆ ಅವರ ಬಗ್ಗೆ ತಿಳಿದಿರುವುದು ಹೆಚ್ಚೆಂದರೆ ಒಂದು ಸಂಗತಿ: 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ, ಎಪ್ಪತ್ತನಾಲ್ಕು ದಿನಗಳ ಮಟ್ಟಿಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು ಎಂಬುದು. ಆದರೆ ಮಂಜಪ್ಪನವರ ನಿಜವಾದ ಸಾಧನೆ ಆ ಕುರ್ಚಿಯಲ್ಲಿಲ್ಲ, ಕಂದಾಯ ಖಾತೆಯ ಕಡತಗಳಲ್ಲಿದೆ.

ತೀರ್ಥಹಳ್ಳಿ ತಾಲ್ಲೂಕಿನ ಕಡಿದಾಳಿನವರಾದ ಮಂಜಪ್ಪನವರು ಕಾನೂನು ಓದಿದ ಕಾಲದಲ್ಲಿ ಮೈಸೂರು ಸಂಸ್ಥಾನದ ಹುಡುಗರಿಗೆ ಆ ಓದು ಸುಲಭವಾಗಿರಲಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಆರಂಭವಾದದ್ದೇ 1948ರಲ್ಲಿ. ಅದಕ್ಕೂ ಮೊದಲು ಪುಣೆ, ಮುಂಬಯಿ, ಮದರಾಸುಗಳ ದಾರಿ ಹಿಡಿಯಬೇಕಿತ್ತು. ನಿಜಲಿಂಗಪ್ಪನವರೂ ಕೆಂಗಲ್ ಹನುಮಂತಯ್ಯನವರೂ ಪುಣೆಯಲ್ಲಿ ಓದಿ ಬಂದವರು. ಪದವಿಯ ನಂತರದ ವಿದ್ಯೆ ಹಿರಿಯ ವಕೀಲರ ಕಚೇರಿಯಲ್ಲಿ, ಕಕ್ಷಿದಾರನ ಎದುರು ಕುಳಿತು ಕಲಿಯಬೇಕಾದದ್ದು. ಮಲೆನಾಡಿನ ಕಕ್ಷಿದಾರನೆಂದರೆ ಬಹುಪಾಲು ಭೂಮಿಯ ವ್ಯಾಜ್ಯ. ಗೇಣಿ ಬಾಯಿಮಾತಿನದು, ಕರಾರು ಇಲ್ಲ, ರಸೀದಿ ಇಲ್ಲ. ತಲೆಮಾರುಗಳಿಂದ ಉತ್ತವನ ಬಳಿ ತೋರಿಸಲು ಒಂದು ಚೂರು ಕಾಗದವಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ, ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೇ ಒಂದು ದೊಡ್ಡ ತಕರಾರಾಗಿತ್ತು. ಅಳತೆಯ ಪಾತ್ರೆಯೇ ಮಾಲೀಕನದಾದರೆ ಸಾಕ್ಷ್ಯವೆಲ್ಲಿಂದ ಬರಬೇಕು?

ಕಾಗೋಡು ಹೋರಾಟದ ನೇತೃತ್ವ ಸಮಾಜವಾದಿಗಳದು, ಮಂಜಪ್ಪನವರದಲ್ಲ. ಅವರು ಕಾಂಗ್ರೆಸ್ಸಿಗರು. ಆದರೆ ಬೀದಿಯಲ್ಲಿ ಎದ್ದ ಪ್ರಶ್ನೆಯನ್ನು ಶಾಸನದ ಭಾಷೆಗೆ ತರುವ ಹೊಣೆ 1952ರ ನಂತರ ಕಂದಾಯ ಸಚಿವರಾದ ಅವರ ಹೆಗಲಿಗೇ ಬಂತು. ಖಾಸಗಿ ಇನಾಮುಗಳನ್ನು ರದ್ದುಪಡಿಸಿದ 1954ರ ಶಾಸನ, ಧಾರ್ಮಿಕ ಇನಾಮುಗಳಿಗೆ ಸಂಬಂಧಿಸಿದ 1955ರ ಶಾಸನ ಆ ಕಾಲದವು. ಏಕೀಕರಣದ ಬಳಿಕ ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಪ್ರದೇಶಗಳ ಬೇರೆ ಬೇರೆ ಗೇಣಿ ಕಾನೂನುಗಳು ಒಂದೇ ರಾಜ್ಯದಲ್ಲಿ ಉಳಿದವು. ಬಿ.ಡಿ. ಜತ್ತಿ ಸಮಿತಿಯ ಶಿಫಾರಸುಗಳ ಆಧಾರದ ಮೇಲೆ ಏಕರೂಪದ ಮಸೂದೆಯನ್ನು ಶಾಸನಸಭೆಯಲ್ಲಿ ಮುನ್ನಡೆಸಿದವರು ಮತ್ತೆ ಮಂಜಪ್ಪನವರೇ. ಅದೇ 1961ರ ಮೈಸೂರು ಭೂಸುಧಾರಣಾ ಕಾಯ್ದೆ.

ಆದರೆ ಶಾಸನ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಗೇಣಿ ಭೂಮಿಯನ್ನು ಮರಳಿ ಪಡೆಯಲು ಮಾಲೀಕನಿಗೆ ಅವಕಾಶವಿತ್ತು. ಹಕ್ಕು ಸಾಬೀತುಪಡಿಸುವ ಭಾರ ಕಾಗದವಿಲ್ಲದ ಗೇಣಿದಾರನ ಮೇಲಿತ್ತು. ಕಾನೂನು ಬಲ್ಲವರೇ ಬರೆದ ಕಾನೂನು ಸಾಕ್ಷ್ಯದ ಬಾಗಿಲಲ್ಲಿ ಮುಗ್ಗರಿಸಿತು. ಮಂಜಪ್ಪನವರು ತಮ್ಮ ಆತ್ಮಕಥೆಗೆ ‘ನನಸಾಗದ ಕನಸು’ ಎಂದು ಹೆಸರಿಟ್ಟರು. ಆ ಶೀರ್ಷಿಕೆಯನ್ನು ನಾನು ವಕೀಲನೊಬ್ಬನ ಆತ್ಮವಿಮರ್ಶೆಯಾಗಿಯೂ ಓದುತ್ತೇನೆ.

ಮುಂದೆ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದುಪಡಿಸಿ, ಭೂ ನ್ಯಾಯಮಂಡಳಿಗಳನ್ನು ಸ್ಥಾಪಿಸಿತು. ನಮೂನೆ 7 ತುಂಬಿ ಗೇಣಿದಾರ ಸ್ವತಃ ಮಂಡಳಿಯ ಮುಂದೆ ನಿಲ್ಲಬಹುದಾಗಿತ್ತು. ಅಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಕೇಂದ್ರದ ವಕೀಲರ ಕಾಯ್ದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1987ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ. ಆದರೂ ಬಡವನಿಗೆ ನ್ಯಾಯ ದೊರೆಯಬೇಕಾದರೆ ವಕೀಲ ಹೊರಗಿರಬೇಕೆಂದು ಒಂದು ಶಾಸನಸಭೆಗೆ ಅನ್ನಿಸಿದ್ದು ನಮ್ಮ ವೃತ್ತಿಯವರು ಮರೆಯಬಾರದ ಸಂಗತಿ.

ಇಂದು ವಕೀಲರ ಪರಿಷತ್ತಿನ 2008ರ ನಿಯಮಗಳು ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ ಕನಿಷ್ಠ 20 ವಾರ ಪ್ರಾಯೋಗಿಕ ತರಬೇತಿಯನ್ನು ಕಡ್ಡಾಯಗೊಳಿಸಿವೆ. ಅಣಕು ನ್ಯಾಯಾಲಯ, ವಿಚಾರಣೆಗಳ ವೀಕ್ಷಣೆ, ಕಕ್ಷಿದಾರರ ಸಂದರ್ಶನದ ದಿನಚರಿ, ದಾವೆಪತ್ರ ರಚನೆ ಎಲ್ಲವೂ ಪಠ್ಯದಲ್ಲಿವೆ. ವ್ಯವಸ್ಥೆ ಚೆನ್ನಾಗಿಯೇ ಇದೆ. ಆದರೆ ಎಷ್ಟೋ ಬಾರಿ ದಿನಚರಿ ಒಂದೇ ರಾತ್ರಿಯಲ್ಲಿ ತುಂಬುತ್ತದೆ, ಪ್ರಮಾಣಪತ್ರಕ್ಕೆ ಸಹಿ ಬೀಳುತ್ತದೆ. ಸಹಿ ಹಾಕುವ ನನ್ನಂಥವರೂ ಇದಕ್ಕೆ ಹೊಣೆ.

ನನ್ನದೊಂದು ಸಣ್ಣ ಸಲಹೆ. ಆ ವಾರಗಳಲ್ಲಿ ಎರಡನ್ನಾದರೂ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ, ಕಾನೂನು ಸೇವಾ ಕೇಂದ್ರಕ್ಕೆ ಮೀಸಲಿಡಬೇಕು. ಹಳೆಯ ನ್ಯಾಯಮಂಡಳಿಯ ಒಂದು ಆದೇಶವನ್ನು ವಿದ್ಯಾರ್ಥಿ ತನ್ನ ಕೈಯಾರೆ ಹುಡುಕಿ ಓದಬೇಕು. ಮಂಜಪ್ಪನವರು ತೀರಿಕೊಂಡದ್ದು 1992ರಲ್ಲಿ. ಅವರಿಗೆ ಪ್ರತಿಮೆಗಿಂತ ಇದು ತಕ್ಕ ಸ್ಮರಣೆ.

ಹೊಳಲೂರಿನ ಹುಡುಗ ಮರುವಾರ ಅದೇ ಪಹಣಿಯನ್ನು ಮತ್ತೆ ಕೇಳಿ ಪಡೆದ. ಈ ಸಲ ಅವನು ಮೊದಲು ನೋಡಿದ್ದು ಸಾಗುವಳಿದಾರನ ಅಂಕಣವನ್ನು.